ಗುಬ್ಬಿಯ ಎಡತೋಳು

ಟಪ್ ಎಂದು ಸದ್ದಾಯಿತು. ಚೆಂಡು ನೇರ ಹೋಗುವ ಬದಲು ಬಲಕ್ಕೆ ಸೊಟ್ಟಗೆ ಹಾರಿ ಬೇಲಿ ಪಕ್ಕದ ಪೊದೆಯೊಳಗೆ ಬಿತ್ತು.

“ಕೊಕ್ಕೊಕ್ಕೋ!” ಹಿಂದಿನಿಂದ ಮೆಣಸಿನಕಾಯಿ ಕೂಗಿದ. ಬಾಯಿ ಖಾರವಾಗಿದ್ದರಿಂದಲೇ ಅವನಿಗೆ ಆ ಹೆಸರು. “ನೋಡ್ರೋ, ನಮ್ಮ ಗುಬ್ಬಿ ಕೋಳಿ ಆಗ್ಬಿಟ್ಟಿದೆ!”

ಗುಬ್ಬಿ ತುಟಿ ಕಚ್ಚಿಕೊಂಡಳು. ಪುಟ್ಟ ಮೈಯ ಹುಡುಗಿಗೆ ಮನೆಯಲ್ಲಿ ಇಟ್ಟ ಹೆಸರು ಶಾಲೆಗೂ ಹಾರಿ ಬಂದಿತ್ತು.

“ಏಯ್, ಸಾಕು ನಿನ್ನ ಕೂಗಾಟ,” ಎಂದು ಗದರಿದರು ಗಾಲ್ಫ್ ಕಲಿಸುವ ಕೋಚ್ ಮೇಡಂ. “ಗುಬ್ಬಿ, ಚೆಂಡಿಗೆ ಹೊಡೆದ ತಕ್ಷಣ ನಿನ್ನ ಎಡ ಮೊಣಕೈ ಕೋಳಿ ರೆಕ್ಕೆ ಥರ ಮಡಚ್ಕೊಳ್ತಿದೆ. ಹೊಡೆದ ಮೇಲೂ ಕೈ ಮುಂದಕ್ಕೆ ಚಾಚ್ಬೇಕು ಪುಟ್ಟಾ. ತುಂಬಾ ಜನ ಮಾಡೋ ತಪ್ಪೇ ಇದು, ಸರಿಹೋಗತ್ತೆ.”

ಗುಬ್ಬಿ ತಲೆಯಾಡಿಸಿದಳು. ಆದರೆ ತನ್ನದು ಸರಿಹೋಗುವಂಥದ್ದಲ್ಲ ಎಂದು ಅವಳು ನಂಬಿದ್ದಳು.

ಹೋದ ವರ್ಷ ಸೈಕಲ್ಲಿನಿಂದ ಬಿದ್ದು ಅವಳ ಎಡ ಮೊಣಕೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, “ಇನ್ನು ಧಾರಾಳವಾಗಿ ಆಟ ಆಡು,” ಎಂದಿದ್ದರು. ಆದರೆ ಕಳೆದ ವಾರ ಅಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: “ಎಡತೋಳು ಪೂರ್ತಿ ಕೆಟ್ಟಿದೆ ಕಣೇ. ಏನು ಮಾಡಿದ್ರೂ ನೆಟ್ಟಗಾಗಲ್ಲ. ಜಾಸ್ತಿ ಎಳೆದ್ರೆ ಕಿತ್ತೇ ಬರತ್ತೆ!”

ಅಂದಿನಿಂದ ಸ್ಟಿಕ್ ಬೀಸಿದಾಗೆಲ್ಲ ಆ ಮಾತು ನೆನಪಾಗುತ್ತಿತ್ತು. ಕೈ ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ನಾಳೆಯಿಂದ ಗಾಲ್ಫಿಗೆ ಬರುವುದೇ ಬೇಡ ಎಂದುಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಸುತ್ತ ಬಣ್ಣಬಣ್ಣದ ಬಟ್ಟೆಯ ಚೂರುಗಳು.

“ಬಂದ್ಯಾ? ಬಾ, ಯೂನಿಫಾರ್ಮ್‌ಗೆ ಅಳತೆ ತಗೋತೀನಿ. ಎಡಗೈ ಚಾಚು.”

“ಚಾಚಲ್ಲ!”

“ಅಳತೆ ಟೇಪು ಕಚ್ಚತ್ತೇನೇ? ಚಾಚು.”

“ಕಿತ್ತು ಬಂದ್ರೆ?” ಎನ್ನುವಷ್ಟರಲ್ಲಿ ಗುಬ್ಬಿಯ ಕಣ್ಣಲ್ಲಿ ಗಂಗಾಭವಾನಿ. “ನೀನೇ ಚಿಕ್ಕಮ್ಮಂಗೆ ಹೇಳ್ತಿದ್ದೆ, ನನ್ನ ಎಡತೋಳು ಕೆಟ್ಟಿದೆ ಅಂತ!”

ಅಮ್ಮ ಪಿಳಿಪಿಳಿ ಕಣ್ಣುಬಿಟ್ಟಳು. ಆಮೇಲೆ ಎದ್ದು, ಗೋಡೆಗೆ ನೇತುಹಾಕಿದ್ದ ನೀಲಿ ಕೋಟು ತಂದು ಹಿಡಿದಳು. ಅದರ ಎಡತೋಳು ಸುರುಟಿಕೊಂಡು ಮೇಲಕ್ಕೆ ಎದ್ದಿತ್ತು.

“ಅಯ್ಯೋ ನನ್ನ ಕೂಸೇ! ಇದರ ತೋಳು ಕಣೇ! ನಿನ್ನ ಚಿಕ್ಕಮ್ಮ ಅಡ್ಡಾದಿಡ್ಡಿ ಕತ್ತರಿಸಿ ಕಳಿಸಿದ್ಲು.”

ಗುಬ್ಬಿ ಕೋಟು ನೋಡಿದಳು, ತನ್ನ ಕೈ ನೋಡಿಕೊಂಡಳು. ಅಳುತ್ತಲೇ ಕಿಸಕ್ಕನೆ ನಕ್ಕಳು. ಅಮ್ಮನೂ ನಕ್ಕಳು. ನಗು ನಿಂತ ಮೇಲೆ ಅವಳನ್ನು ಹತ್ತಿರ ಎಳೆದುಕೊಂಡಳು.

“ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ನನ್ನ ಕೇಳ್ಬಾರ್ದಿತ್ತಾ?”

“ಕೇಳಿ… ನೀನು ಹೌದು ಅಂದ್ಬಿಟ್ಟಿದ್ರೆ?”

ಅಮ್ಮ ಅವಳ ಮೊಣಕೈ ಸವರಿದಳು. “ನಂಗೂ ಅದೇ ಭಯ ಇತ್ತು ಗುಬ್ಬಿ. ಡಾಕ್ಟರಿಗೆ ಸಾಕಾಗಿ ಹೋಗೋ ಅಷ್ಟು ಕೇಳಿದ್ದೆ. ಮೂಳೆ ಗಟ್ಟಿಯಾಗಿ ಕೂಡಿದೆಯಂತೆ.”

ಗುಬ್ಬಿ ಮೆಲ್ಲಗೆ ಕೈ ಚಾಚಿದಳು. ಟೇಪು ತಣ್ಣಗೆ ತಾಗಿತು, ಅಷ್ಟೆ.

ಮರುದಿನ ಕೋಚ್ ಮೇಡಂ ಒಂದು ಗ್ಲೌಸನ್ನು ಮಡಚಿ ಅವಳ ಎಡ ಕಂಕುಳಲ್ಲಿ ಸಿಕ್ಕಿಸಿದರು. “ಚೆಂಡು ಹೋಗೋ ತನಕ ಇದು ಬೀಳ್ಬಾರ್ದು. ತೋಳು ಮೈಗೆ ಅಂಟಿದ್ರೆ ಮೊಣಕೈ ಆಚೆ ಓಡಿ ಹೋಗಲ್ಲ.”

ಗುಬ್ಬಿ ಸ್ಟಿಕ್ ಬೀಸಿದಳು. ಗ್ಲೌಸು ಪೊತ್ತೆಂದು ಬಿತ್ತು.

“ಕೋಳಿ ಮೊಟ್ಟೆ ಇಡ್ತು!” ಮೆಣಸಿನಕಾಯಿ ಕುಣಿದ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಗುಬ್ಬಿಯೇ. ಗ್ಲೌಸನ್ನು ಮತ್ತೆ ಸಿಕ್ಕಿಸಿಕೊಂಡು, ಉಸಿರು ಬಿಟ್ಟು, ಬೀಸಿದಳು.

ಈ ಸಲ ಗ್ಲೌಸು ಬೀಳಲಿಲ್ಲ. “ಭೇಷ್!” ಎಂದರು ಮೇಡಂ. ಹಸಿರು ಹುಲ್ಲಿನ ಮೇಲೆ ಚೆಂಡು ಎಲ್ಲಿ ಇಳಿಯಿತೆಂದು ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

ಗುಬ್ಬಿ ಮಾತ್ರ ಮುಂದಕ್ಕೆ ಚಾಚಿದ್ದ ತನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ಎಷ್ಟು ನೆಟ್ಟಗಿತ್ತು ಅದು! ನಿನ್ನೆಯೂ ಇಷ್ಟೇ ನೆಟ್ಟಗಿತ್ತಲ್ಲ, ಮೊನ್ನೆಯೂ.