ಮೆಟ್ಟಿಲ ತಿರುವಿನ ಸಿಗ್ನಲ್

"ಮತ್ತೆ ನಿಂತುಹೋಯ್ತು ಕಣೇ," ಕೆಳಗಿನಿಂದ ಅಣ್ಣ ಕೂಗಿದ. "ಪಾರಿವಾಳದ ಕತ್ತು ಅರ್ಧಕ್ಕೇ ಸ್ಟಕ್ ಆಗಿದೆ."

"ತಡಿಯೋ ಜಿರಾಫೆ, ನೋಡ್ತಿದೀನಿ," ಟೆರೇಸಿನ ಬಾಗಿಲಿನಿಂದ ಚೂಟಿ ಬಗ್ಗಿ ಕೂಗಿದಳು. ಟ್ಯಾಂಕಿನ ಹಿಂದೆ, ಒಡೆದ ಹೂಕುಂಡದಲ್ಲಿ ಪಾರಿವಾಳ ಇಟ್ಟ ಮೊಟ್ಟೆಯಲ್ಲಿ ಇವತ್ತು ಬೆಳಿಗ್ಗೆ ಬಿರುಕು ಕಂಡಿತ್ತು. ಮರಿ ಯಾವ ಗಳಿಗೆಯಲ್ಲಾದರೂ ಬರಬಹುದು.

ಆ ಗೂಡನ್ನು ಮೊದಲು ನೋಡಿದ್ದೇ ಅಣ್ಣ. ಶಾಲೆಯಲ್ಲೆಲ್ಲ ಅವನೇ ಉದ್ದ, ಅದಕ್ಕೇ ಜಿರಾಫೆ. ಹೋದ ವಾರ ಫುಟ್‌ಬಾಲ್ ಆಡಲು ಹೋಗಿ ಕಾಲು ಮುರಿದುಕೊಂಡು, ಈಗ ಪ್ಲಾಸ್ಟರ್ ಹಾಕಿಸಿಕೊಂಡು ಮೊದಲ ಮಹಡಿಯ ಮನೆಯಲ್ಲಿ ಮಲಗಿದ್ದ. "ಮರಿ ಬರೋದನ್ನ ನಿನಗೆ ಲೈವ್ ತೋರಿಸ್ತೀನಿ," ಎಂದು ಚೂಟಿ ಮಾತು ಕೊಟ್ಟಿದ್ದಳು. ಅದಕ್ಕೆಂದೇ ತಾತನ ಹಳೇ ಫೋನಿನಿಂದ ಅಣ್ಣನಿಗೆ ವಿಡಿಯೋ ಕಾಲ್ ಮಾಡಿ, ಅದನ್ನು ಗೂಡಿನ ಎದುರು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದಳು. ಆ ಫೋನಿನಲ್ಲಿ ಸಿಮ್ ಇಲ್ಲ. ಮನೆಯ ವೈಫೈ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಷ್ಟರಲ್ಲಿ ಅತ್ತೆ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಮೇಲೆ ಬಂದಳು. ಮನೆಮನೆಗೆ ಹೋಗಿ ಇಂಟರ್‌ನೆಟ್ ಹಾಕಿಕೊಡುವುದು ಅವಳ ಕೆಲಸ. "ಏನೇ ಇದು, ಬಿಲ್ಡಿಂಗ್ ಹಾರಿಹೋಗೋ ಹಾಗೆ ಕೂಗಾಟ?"

"ಅತ್ತೆ, ನಿನ್ನ ಫೋನಲ್ಲಿ ಹಾಟ್‌ಸ್ಪಾಟ್ ಕೊಡು. ಬೇಗ."

"ನನ್ನ ಫೋನು ನನ್ನ ಜೊತೆ ಡ್ಯೂಟಿಗೆ ಬರಬೇಕಲ್ಲ ರಾಜಕುಮಾರಿ. ಎಲ್ಲಿ, ನೋಡೋಣ." ಅತ್ತೆ ಫೋನಿನ ಮೇಲೆ ಬಗ್ಗಿದಳು. "ನಮ್ಮ ರೌಟರ್ ಎರಡು ಹೆಸರಲ್ಲಿ ಸಿಗ್ನಲ್ ಕಳಿಸುತ್ತೆ. ನೀನು ಸೇರಿರೋದು ಕೊನೇಲಿ ಐದು ಅಂತ ಇರೋದಕ್ಕೆ. ಅದು ಭಾರೀ ಫಾಸ್ಟ್, ಆದ್ರೆ ಗೋಡೆ ದಾಟೋಷ್ಟರಲ್ಲಿ ಸುಸ್ತು. ಇನ್ನೊಂದು ಸ್ವಲ್ಪ ನಿಧಾನ, ದೂರ ಹೋಗುತ್ತೆ."

ಹೆಸರು ಬದಲಾಯಿಸಿದ ಮೇಲೆ ಒಂದು ಕಡ್ಡಿ ಸಿಗ್ನಲ್ ಬಂತು. ಅಣ್ಣನ ಸ್ಕ್ರೀನಿನಲ್ಲಿ ಪಾರಿವಾಳ ಒಮ್ಮೆ ಕತ್ತು ತಿರುಗಿಸಿತು. ಮತ್ತೆ ಕಲ್ಲಾಯಿತು.

"ಸಿಗ್ನಲ್ ಅಂದ್ರೆ ರೇಡಿಯೋ ಅಲೆ. ಅದಕ್ಕೆ ವೈರ್ ಬೇಡ, ನಿಜ," ಅತ್ತೆ ಅಂದಳು. "ಆದ್ರೆ ನಡುವೆ ಎರಡು ಕಾಂಕ್ರೀಟ್ ಛಾವಣಿ, ಮೇಲೆ ಟ್ಯಾಂಕ್ ತುಂಬ ನೀರು. ಇಷ್ಟನ್ನೆಲ್ಲ ದಾಟಿ ಬರೋ ಹೊತ್ತಿಗೆ ಅದರ ಜೀವ ಹೋಗಿರುತ್ತೆ."

ಅವಳು ಬ್ಯಾಗಿನಿಂದ ಸೋಪಿನಷ್ಟು ದಪ್ಪದ ಒಂದು ಡಬ್ಬಿ ತೆಗೆದಳು. ಅದನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ತನ್ನ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದಳು. "ತಗೋ. ರಿಪೀಟರ್."

ಚೂಟಿ ಅದನ್ನು ಕಿತ್ತುಕೊಂಡವಳೇ ಫೋನಿನ ಪಕ್ಕದಲ್ಲಿಟ್ಟಳು. ಕೆಂಪು ದೀಪ ಹತ್ತಿತು.

"ಇದು ಕೆಟ್ಟುಹೋಗಿದೆ," ಅವಳ ಮುಖ ಸಪ್ಪಗಾಯಿತು.

ಅತ್ತೆ ನಕ್ಕಳು. "ರೌಟರ್ ಹೇಳಿದ್ದನ್ನ ಕೇಳಿಸ್ಕೊಂಡು ಮತ್ತೆ ಜೋರಾಗಿ ಹೇಳೋದು ಇದರ ಕೆಲಸ. ಇಲ್ಲಿ ಪಾಪ, ಅದಕ್ಕೇ ಏನೂ ಕೇಳಿಸ್ತಿಲ್ಲ. ಏನಂತ ಹೇಳುತ್ತೆ?"

ಅಷ್ಟು ಹೇಳುವಷ್ಟರಲ್ಲಿ ಅವಳ ಫೋನ್ ರಿಂಗಾಯಿತು. "ಬಂದೆ ಸರ್, ಬಂದೆ," ಎನ್ನುತ್ತ ಅತ್ತೆ ದಡದಡನೆ ಇಳಿದುಹೋದಳು.

ಹಾಗಾದರೆ ಮೇಲಕ್ಕೂ ಕೆಳಕ್ಕೂ ಕೇಳಿಸುವ ಜಾಗ ಬೇಕು. ಚೂಟಿ ಡಬ್ಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೆಂಪು. ಕೆಂಪು. ಎರಡನೇ ಮಹಡಿಯ ಕೆಳಗಿನ ತಿರುವಿನಲ್ಲಿ, ಕಿಟಕಿಯ ಕಡೆ ಕೈ ಎತ್ತಿದಾಗ ದೀಪ ಹಸಿರಾಯಿತು.

"ಬಂತು," ಅಣ್ಣ ಕೂಗಿದ. "ಒಂದೊಂದು ಗರಿನೂ ಕಾಣ್ತಿದೆ ಕಣೇ."

ಚೂಟಿ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟಳು. ಕೆಂಪು. ಎತ್ತಿ ಹಿಡಿದಳು. ಹಸಿರು. ನೇತುಹಾಕೋಣವೆಂದರೆ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ.

"ಲೇ, ಅಮ್ಮ ಪಾರಿವಾಳ ಎದ್ದು ನಿಂತಿದೆ. ಮೊಟ್ಟೆ ಅಲ್ಲಾಡ್ತಿದೆ. ತೂತಿಂದ ಕೊಕ್ಕು..."

ಚೂಟಿಯ ಕಾಲುಗಳು ತಾವಾಗೇ ಮೇಲಕ್ಕೆ ಓಡಿದವು. ಎಷ್ಟು ದಿನದಿಂದ ಕಾದಿದ್ದಳು ಇದಕ್ಕೆ. ಮೂರು ಮೆಟ್ಟಿಲು ಹತ್ತಿರಬೇಕು.

"ಹೋಯ್ತು," ಕೆಳಗಿನಿಂದ ದನಿ ಬಂತು. "ಚೂಟೀ, ಹೋಯ್ತು ಕಣೇ."

ಕಾಲು ಮುರಿದಾಗಲೂ ಅಳದಿದ್ದ ಅಣ್ಣ. ಈಗ ಅವನ ದನಿ ಒದ್ದೆಯಾಗಿತ್ತು.

ಚೂಟಿ ಮೇಲೆ ಟೆರೇಸಿನ ಬಾಗಿಲು ನೋಡಿದಳು. ಕೈಯಲ್ಲಿದ್ದ ಕೆಂಪು ದೀಪ ನೋಡಿದಳು. ಆಮೇಲೆ ಮೂರೂ ಮೆಟ್ಟಿಲು ಇಳಿದು ಬಂದು, ತುದಿಗಾಲಲ್ಲಿ ನಿಂತು ಕೈ ಎತ್ತಿದಳು. ಹಸಿರು.

ತೋಳು ಜೋಮು ಹಿಡಿಯತೊಡಗಿತು. ಅವಳು ಕೈ ಬದಲಾಯಿಸಿದಳು.

"ಚಿಪ್ಪು ಬಿಟ್ಕೊಳ್ತು," ಅಣ್ಣ ಮೆಲ್ಲಗೆ ಹೇಳಿದ. ಮರುಕ್ಷಣವೇ ಅವನ ದನಿ ಮೆಟ್ಟಿಲ ತುಂಬ ಮೊಳಗಿತು. "ತಲೆ ಬಂತು. ಮೈಯೆಲ್ಲ ಹಳದಿ ಕೂದಲು, ಒದ್ದೆ ಒದ್ದೆ. ಕಣ್ಣೇ ಬಿಟ್ಟಿಲ್ಲ ಕಣೇ. ಎಷ್ಟು ಚಿಕ್ಕದು ಗೊತ್ತಾ, ನನ್ನ ಹೆಬ್ಬೆರಳಷ್ಟು. ನೀನೂ ನೋಡ್ತಿದೀಯ ತಾನೇ?"

ಚೂಟಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಎತ್ತಿದ ಕೈಯನ್ನು ಮಾತ್ರ ಕೆಳಗಿಳಿಸಲಿಲ್ಲ.

"ಕಾಣ್ತಿದೆ ಕಣೋ," ಅಂದಳು. "ಇನ್ನೂ ಹೇಳು."