ಡ್ರೈವರಿಗೆ ಒಂದೇ ಸೌಟು

"ಏನ್ರೀ, ಅನ್ನ ಹಾಕೋಕೆ ಕೈ ಬರಲ್ವಾ ನಿಮಗೆ?"

ಅಡುಗೆಮನೆಯ ಕಿಟಕಿಯೊಳಗೆ ತಟ್ಟೆಯೊಂದು ತೂರಿ ಬಂತು. ಅದರ ಹಿಂದೆ ಖಾಕಿ ತೋಳು, ಆಮೇಲೆ ಸಿಟ್ಟಿನಲ್ಲಿ ಕೆಂಪಾದ ಒಂದು ಮುಖ.

ಅವಳು ಸೌಟು ಹಿಡಿದುಕೊಂಡೇ ತಿರುಗಿದಳು. ಆ ಕಣ್ಣುಗಳನ್ನು ನೋಡಿದ್ದೇ ತಡ, ಎದೆ ಧಸಕ್ಕೆಂದಿತು. ಬಾಯಿ ಮಾತ್ರ ಎಂದಿನಂತೆ ಹೇಳಿಬಿಟ್ಟಿತು.

"ಡ್ರೈವರಿಗೆ ಒಂದೇ ಸೌಟು."

"ಕಂಡಕ್ಟರಿಗೆ ಮೂರು ಸೌಟು! ಅವರ ತಟ್ಟೇಲಿ ಬೆಟ್ಟ, ನನ್ನ ತಟ್ಟೇಲಿ ಬಟ್ಟಬಯಲು. ಇದ್ಯಾವ ನ್ಯಾಯ ರೀ?"

"ಈ ಅಡುಗೆಮನೆ ನ್ಯಾಯ."

ಅವನು ಇನ್ನೇನೋ ಹೇಳಲು ಹೋದವನು, ಅವಳ ಮೂಗಿನ ತುದಿಗೆ ಮೆತ್ತಿದ್ದ ಹಿಟ್ಟು ನೋಡಿ ಫಕ್ಕನೆ ನಕ್ಕುಬಿಟ್ಟ. ಆ ನಗುವಿಗೆ ಅವಳು ಸಿದ್ಧಳಿರಲಿಲ್ಲ. ಕಿಟಕಿಯ ಬಾಗಿಲು ಎಳೆದುಕೊಂಡು ಒಲೆಯ ಮುಂದೆ ನಿಂತಳು. ಕೆನ್ನೆ ಬಿಸಿಯಾದದ್ದು ಬೆಂಕಿಯ ಕಾವಿಗೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಪಾಪ!

ಬೆಟ್ಟದ ನೆತ್ತಿಯ ಮೇಲಿದ್ದ ಆ ಊಟದ ಮನೆ ಅವಳ ಚಿಕ್ಕಮ್ಮನದು. ಪ್ರವಾಸಿಗರ ಬಸ್ಸು ಮೂವತ್ತೆರಡು ತಿರುವು ಹತ್ತಿ, ಮಧ್ಯಾಹ್ನ ಒಂದೂವರೆಗೆ ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಿತ್ತು. ಇಪ್ಪತ್ತೈದು ನಿಮಿಷ ಊಟ. ಆಮೇಲೆ ಆ ಕಡೆಯ ಸರೋವರಕ್ಕೆ ಇಳಿಯುವ ದಾರಿ. ಪ್ರಯಾಣಿಕರಿಗೆ ಬೆಂಚಿನ ಮೇಲೆ ಚಿಕ್ಕಮ್ಮ ಬಡಿಸುವಳು. ಡ್ರೈವರು, ಕಂಡಕ್ಟರು ಮಾತ್ರ ಬೇಗ ಮುಗಿಸಬೇಕೆಂದು ನೇರ ಅಡುಗೆಮನೆಯ ಕಿಟಕಿಗೇ ಬಂದು ತಟ್ಟೆ ಒಡ್ಡುವರು.

ಅಂದಿನಿಂದ ಜಗಳ ದಿನಚರಿಯಾಯಿತು.

"ಇವತ್ತು ಒಂದೂಕಾಲು ಸೌಟು?"

"ಒಂದೇ."

"ಮೊಸರಾದ್ರೂ?"

"ಇಲ್ಲವೇ ಇಲ್ಲ!"

ಬೈದುಕೊಳ್ಳುತ್ತಲೇ ತಿನ್ನುವನು, ತಟ್ಟೆ ಒರೆಸಿದ ಹಾಗೆ ಖಾಲಿ ಮಾಡುವನು. ಹೋಗುವಾಗ ಕಿಟಕಿಯೊಳಗೆ ಒಮ್ಮೆ ಇಣುಕಿ, "ಸಾರು ಚೆನ್ನಾಗಿತ್ತು. ಮನಸ್ಸು ಮಾತ್ರ ಸಣ್ಣದು" ಎಂದು ಕಣ್ಣು ಮಿಟುಕಿಸುವನು. ಅವಳು ಮುಖ ಊದಿಸಿಕೊಳ್ಳುವಳು. ಬಸ್ಸು ತಿರುವು ದಾಟಿ ಮರೆಯಾಗುವವರೆಗೂ ಹಿತ್ತಿಲ ಬಾಗಿಲಲ್ಲೇ ನಿಂತಿರುವಳು. ಇದು ಅವನಿಗೆ ಹೇಗೆ ಗೊತ್ತಾಗಬೇಕು?

ಒಂದು ವರ್ಷ ಹೀಗೇ ಕಳೆಯಿತು. ಹಬ್ಬ ಬಂತು.

ಅಂದು ಬಸ್ಸಿನ ತುಂಬ ಹೊಸ ಬಟ್ಟೆ, ಹಾಡು, ಮಕ್ಕಳ ಕೇಕೆ. ಅವನೂ ಖಾಕಿಯ ಒಳಗೆ ಹೊಸ ನೀಲಿ ಅಂಗಿ ತೊಟ್ಟು ಬಂದಿದ್ದ. ಹಬ್ಬದ ದಿನ ಮನೆ ಬಿಟ್ಟು ಸ್ಟೇರಿಂಗ್ ಹಿಡಿದವನು, ಕಿಟಕಿಯಲ್ಲಿ ತಟ್ಟೆ ಒಡ್ಡಿ ಮೆಲ್ಲಗೆ ಅಂದ:

"ಇವತ್ತಾದ್ರೂ ತಟ್ಟೆ ತುಂಬ ಹಾಕಿ. ಆಮೇಲೆ... ಒಂದು ಮಾತು ಹೇಳ್ಬೇಕು."

ಯಾವ ಮಾತೆಂದು ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಎರಡನೇ ಸೌಟು ಅನ್ನ ಎತ್ತಿದಳು ಕೂಡ. ತಟ್ಟೆಯ ಹತ್ತಿರ ಹೋದ ಸೌಟು ಹಾಗೇ ಹಿಂದಕ್ಕೆ ಬಂತು.

"ಆಗಲ್ಲ."

"ಹಬ್ಬದ ಸಿಹಿ?"

"ಅದೂ... ಇಲ್ಲ."

ಪಕ್ಕದಲ್ಲೇ ಕಂಡಕ್ಟರು ಎರಡು ಸಿಹಿ ಹಾಕಿಸಿಕೊಂಡು ಬಾಯಿ ಚಪ್ಪರಿಸುತ್ತಿದ್ದ. ಅವನ ತಟ್ಟೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ ಡ್ರೈವರ್.

"ಬಿಡಿ, ಅರ್ಥ ಆಯ್ತು. ನಿಮ್ಮ ಮನಸ್ಸಲ್ಲೂ ನನಗಿರೋದು ಇಷ್ಟೇ ಜಾಗ."

ತಟ್ಟೆಯನ್ನು ಮುಟ್ಟದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟೇಬಿಟ್ಟ.

ಮರುದಿನ ಒಂದೂವರೆಗೆ ಬಂದ ಬಸ್ಸಿನಿಂದ ಬೇರೆ ಡ್ರೈವರ್ ಇಳಿದ.

ಅದರ ಮರುದಿನವೂ.

ಒಂದು ಗಂಟೆ ಆಗುತ್ತಲೇ ಅವಳ ಕಿವಿ ರಸ್ತೆಯ ಕಡೆ ಹೋಗುತ್ತಿತ್ತು. ಕೊನೆಯ ತಿರುವಿನಲ್ಲಿ ಅವನು ಗೇರು ಬದಲಿಸುವ ರೀತಿಯೇ ಬೇರೆ, ಮೆತ್ತಗೆ, ಬಸ್ಸಿಗೆ ನೋವಾಗದ ಹಾಗೆ. ಈಗ ಬರುವವನದು ಬರೀ ಕರಕರ. ಆ ಸದ್ದು ಕೇಳಿದ ಕೂಡಲೇ ಒಲೆಯ ಕಡೆ ತಿರುಗಿಬಿಡುವಳು. ಆದರೂ ಮರುದಿನ ಮತ್ತೆ ಕಿವಿಗೊಡುವಳು. 'ಬೈಯೋಕಾದ್ರೂ ಒಂದು ಸಲ ಬರಬಾರದಾ...'

"ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೀಯಲ್ಲೇ!" ಚಿಕ್ಕಮ್ಮ ಬಾಯಿ ಒರೆಸಿಕೊಂಡಳು. "ಸಮುದ್ರ ನೋಡ್ಬೇಕು ಅನ್ನೋರೆಲ್ಲ ಇನ್ನು ಇಲ್ಲಿಗೇ ಬರ್ಬಹುದು."

ಅವಳು ನಗಲಿಲ್ಲ. ಚಿಕ್ಕಮ್ಮನೂ ಮುಂದೆ ಕೆಣಕಲಿಲ್ಲ.

ಆರು ವಾರ ಕಳೆದ ಮೇಲೆ ಕಂಡಕ್ಟರೇ ಸುದ್ದಿ ಹೇಳಿದ. ಡ್ರೈವರ್ ತಾನಾಗಿ ಕೇಳಿಕೊಂಡು ಕಡಲ ದಾರಿಯ ಬಸ್ಸಿಗೆ ಹೋಗಿದ್ದಾನಂತೆ.

"ಆರಾಮಾಗಿದ್ದಾನೆ ಬಿಡಮ್ಮ. ಅಲ್ಲಿ ಬೇಡಬೇಡ ಅಂದ್ರೂ ಹೊಟ್ಟೆ ಬಿರಿಯೋ ಹಾಗೆ ಬಡಿಸ್ತಾರಂತೆ!"

ಅವಳ ಮುಖ ಬಿಳಿಚಿಕೊಂಡಿತು. ಕಂಡಕ್ಟರು ಕೈತೊಳೆದು ಬಸ್ಸು ಹತ್ತಿದ. ಬಾಗಿಲು ಮುಚ್ಚಬೇಕು ಅನ್ನುವಷ್ಟರಲ್ಲಿ ಅವಳು ಸೌಟು ಹಿಡಿದುಕೊಂಡೇ ಓಡಿ ಬಂದಳು. ಮಾನ, ಬಿಗುಮಾನ ಯಾವುದೂ ನೆನಪಿರಲಿಲ್ಲ.

"ಅಣ್ಣಾ! ಅವರಿಗೆ ಹೇಳಿ... ನನ್ನ ಮೇಲೆ ಕೋಪ ಇದ್ರೆ ಇರ್ಲಿ. ಅಲ್ಲೂ ಒಂದೇ ಸೌಟು ತಿನ್ನೋಕೆ ಹೇಳಿ. ಸಿಹಿ ಮುಟ್ಟಬೇಡಿ ಅನ್ನಿ. ಹೊಟ್ಟೆ ತುಂಬ ಉಂಡು ಸ್ಟೇರಿಂಗ್ ಹಿಡಿದ್ರೆ ನಿದ್ದೆ ಎಳೆಯುತ್ತೆ ಅಣ್ಣಾ..."

"ಇದಕ್ಕಾ ಇಷ್ಟು ದಿನ..." ಕಂಡಕ್ಟರು ತಬ್ಬಿಬ್ಬಾದ.

"ನಮ್ಮಪ್ಪನೂ ಡ್ರೈವರ್. ಹಬ್ಬದ ದಿನ ಊಟಕ್ಕೆ ಮನೆಗೆ ಬಂದಿದ್ರು. ಸಾಕು ಮಗಳೇ ಅಂದ್ರು. ನಾನೇ ಹಠ ಮಾಡಿ ಇನ್ನೊಂದು ಸೌಟು ಹಾಕಿದೆ, ಎರಡು ಸಿಹಿ ಹಾಕಿದೆ. ಅರ್ಧ ಗಂಟೇಲಿ ಸುದ್ದಿ ಬಂತು. ತಿರುವಲ್ಲಿ ಕಣ್ಣು ಮುಚ್ಚಿಕೊಂಡ್ರಂತೆ... ಹಾಕಿದ್ದು ಈ ಕೈಯಣ್ಣಾ!"

ಹಿಂದೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೂ ಆ ಸೌಟಿನ ವಿಷಯ ಗೊತ್ತಾದದ್ದು ಅಂದೇ. ಮಗು ಹದಿನಾಲ್ಕು ವರ್ಷಕ್ಕೆ ಇಂಥ ಭಾರ ಹೊತ್ತು, ಯಾರಿಗೂ ಹೇಳದೆ ಬೆಳೆದಿತ್ತಲ್ಲ! ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಮೂರನೇ ದಿನ ಒಂದೂವರೆಯ ಬಸ್ಸು ಕರಕರ ಎನ್ನುತ್ತಲೇ ಬಂತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ಲೇ, ಹೊರಗೆ ಬಂದು ನೀನೇ ಬಡಿಸು" ಎಂದಳು ಚಿಕ್ಕಮ್ಮ. ದನಿ ಯಾಕೋ ಬೇರೆಯಾಗಿತ್ತು.

ಪ್ರಯಾಣಿಕರ ಬೆಂಚಿನ ತುದಿಯಲ್ಲಿ, ನೀಲಿ ಅಂಗಿಯಲ್ಲಿ, ಅವನು ಕೂತಿದ್ದ! ಸ್ವಲ್ಪ ಇಳಿದುಹೋಗಿದ್ದ. ಗಡ್ಡ ಬೇರೆ.

"ರಜೆ ಹಾಕಿ ಟಿಕೆಟ್ ತಗೊಂಡು ಬಂದಿದ್ದೀನಿ" ಅಂದ ತಲೆ ತಗ್ಗಿಸಿ. "ಇವತ್ತು ನನ್ನ ಕೈಲಿ ಸ್ಟೇರಿಂಗ್ ಇಲ್ಲ."

ಅವಳಿಗೆ ಕಣ್ಣು ಮಂಜಾಯಿತು. ಒಂದು ಸೌಟು... ಎರಡು... ಮೂರು. ಪಲ್ಯ, ಸಾರು, ಮೊಸರು. ಸಾಕು ಎಂದು ಅವನು ಹೇಳಲಿಲ್ಲ, ನಿಲ್ಲಿಸಲು ಅವಳಿಗೂ ಮನಸ್ಸಿಲ್ಲ.

"ನಿಮ್ಮಪ್ಪ ಆ ಸೌಟು ಯಾಕೆ ತಿಂದ್ರು ಗೊತ್ತಾ?" ಅವನು ಮೆಲ್ಲಗೆ ಕೇಳಿದ. "ಮಗಳು ಪ್ರೀತಿಯಿಂದ ಹಾಕಿದ್ದು ಅಂತ. ನಾನಾಗಿದ್ರೂ ತಿಂತಿದ್ದೆ. ನಿಮ್ಮ ತಪ್ಪಲ್ಲ ರೀ ಅದು."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇಷ್ಟು ವರ್ಷ ಈ ಮಾತನ್ನು ಯಾರಾದರೂ ಹೇಳಲಿ ಎಂದು ಕಾದಿದ್ದಳೇನೋ, ಅಳು ನಿಲ್ಲಲೇ ಇಲ್ಲ.

"ನಾನೊಬ್ಬ ದಡ್ಡ. ಕಾಳಜಿ ತಟ್ಟೇಲಿದ್ರೂ ಕಾಣಲಿಲ್ಲ. ಹಳೇ ದಾರಿಗೇ ವಾಪಸ್ ಕೇಳಿ ಹಾಕಿಸ್ಕೊಂಡಿದ್ದೀನಿ. ನಾಳೆಯಿಂದ ಮತ್ತೆ ಒಂದೇ ಸೌಟು." ಅವನು ತಲೆ ಎತ್ತಿದ. "ಜೀವನ ಪೂರ್ತಿ ಹಾಕ್ತೀರಾ?"

"...ರಜೆ ದಿನ ಮೂರು."

ಚಿಕ್ಕಮ್ಮ ಅತ್ತ ತಿರುಗಿ ಮೂಗು ಸೀಟಿದಳು.

ಊಟ ಮುಗಿಯಿತು. ಎಲ್ಲರೂ ಬಸ್ಸಿನ ಕಡೆ ನಡೆದರು. ಅವನು ಮಾತ್ರ ನಿಂತ.

"ಒಂದು ವರ್ಷ ಓಡಿಸಿದ್ರೂ ನಾನು ಬೆಟ್ಟದ ಮೇಲಿಂದ ಸರೋವರ ನೋಡಿಲ್ಲ. ರಸ್ತೆಯಿಂದ ಕಣ್ಣು ತೆಗೆಯೋ ಹಾಗಿಲ್ವಲ್ಲ. ಬರ್ತೀರಾ?"

"ಅಪ್ಪ ಹೋದ್ಮೇಲೆ... ನಾನು ಬಸ್ಸೇ ಹತ್ತಿಲ್ಲ."

"ಪಕ್ಕದಲ್ಲೇ ಕೂತಿರ್ತೀನಿ."

ಅವಳ ಕೈಯಿಂದ ಸೌಟು ಕಿತ್ತುಕೊಂಡಳು ಚಿಕ್ಕಮ್ಮ. "ಹೋಗೇ! ಒಲೆ ನಾನು ನೋಡ್ಕೋತೀನಿ. ಸಂಜೆ ಬಸ್ಸಿಗೆ ಬಂದ್ಬಿಡಿ."

ಮೊದಲ ನಾಲ್ಕು ತಿರುವು ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಐದನೆಯದು ದಾಟುತ್ತಲೇ ಬಸ್ಸಿನವರೆಲ್ಲ "ಆಹಾ!" ಎಂದರು. ಕಿಟಕಿಯ ಆಚೆ, ಬೆಟ್ಟಗಳ ನಡುವೆ, ಉದ್ದಕ್ಕೂ ನೀಲಿ ನೀರು...

"ರೀ, ನೋಡಿ ಸರೋವರ!"

ತಿರುಗಿ ನೋಡಿದರೆ ಅವನ ರೆಪ್ಪೆಗಳು ಮುಚ್ಚುತ್ತಿದ್ದವು. ಮೂರು ಸೌಟಿನ ಮಹಿಮೆ! ಅವಳ ಎದೆ ಝಲ್ಲೆಂದಿತು, ಹಳೆಯ ಭಯ. ಥಟ್ಟನೆ ಮುಂದೆ ನೋಡಿದಳು. ಸ್ಟೇರಿಂಗ್ ಮೇಲಿದ್ದದ್ದು ಇನ್ಯಾರದೋ ಕೈ.

"ಕಣ್ಣು ಎಳೀತಿದೆ... ಬೈಬೇಡಿ" ಎಂದು ಗೊಣಗಿದ ಅವನು.

ಅವನ ತಲೆಯನ್ನು ಮೆಲ್ಲಗೆ ತನ್ನ ಹೆಗಲ ಮೇಲೆ ಒರಗಿಸಿಕೊಂಡಳು.

"ಮಲಗಿ. ನಾನು ಎದ್ದಿರ್ತೀನಿ."

"ಭಾರ ಆಗಲ್ವಾ?"

"ಆಗ್ಲಿ ಬಿಡಿ."