ಪ್ರಾಣಕ್ಕೆ ಹಾಕಿದ ಪಾಯಿಂಟು

ರಾಕ್ಷಸನ ಗದೆ ನೇರ ತಲೆಗೇ ಬಿದ್ದರೂ ರೋಡೆಲ್ ಸಾಯಲಿಲ್ಲ. ಜೋವೆಲಿನ್‌ಳ ಎದೆ ಧಸಕ್ಕೆಂದದ್ದು ಅದಕ್ಕೇ.

ಫಿಲಿಪೀನ್ಸಿನ ಇಲೊಇಲೊ ಊರಿನ ಮೆಲ್ಬಾ ಅತ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಇವರಿಬ್ಬರದು ಅಕ್ಕಪಕ್ಕದ ಕುರ್ಚಿ. ಆಟದೊಳಗೂ ಬಿಡದ ಜೋಡಿ. ಲೆವೆಲ್ ಏರಿದಾಗ ಸಿಗುವ ಪಾಯಿಂಟುಗಳನ್ನೆಲ್ಲ ರೋಡೆಲ್ ತನ್ನ ಕತ್ತಿವೀರನ ಶಕ್ತಿಗೇ ಸುರಿಯುತ್ತಿದ್ದ. ಪ್ರಾಣಬಲಕ್ಕೆ ಸೊನ್ನೆ. ಒಂದೇಟು ಬಿದ್ದರೆ ಆಸಾಮಿ ಅರ್ಧ ಸತ್ತಂತೆ. ಹಿಂದೆ ನಿಂತ ಜೋವೆಲಿನ್‌ಳ ವೈದ್ಯೆ ಮಂತ್ರ ಹಾಕಿ ಹಾಕಿ ಅವನನ್ನು ಉಳಿಸಿಕೊಳ್ಳುತ್ತಿದ್ದಳು. ಅವಳ ಪಾಯಿಂಟೆಲ್ಲ ಅದಕ್ಕೇ ಹೋಗಿತ್ತು. ಒಬ್ಬಳೇ ಹೋದರೆ ಒಂದು ಕಪ್ಪೆಯನ್ನೂ ಕೊಲ್ಲಲಾರಳು. ಆದರೂ ಅದರಲ್ಲೊಂದು ಸುಖವಿತ್ತು. ತಾನಿಲ್ಲದೆ ಅವನಿಲ್ಲ.

ಈಗ ನೋಡಿದರೆ ಅವನ ಪ್ರಾಣದ ಕೆಂಪು ಗೆರೆ ಅಲ್ಲಾಡಲೇ ಇಲ್ಲ.

“ಪಾಯಿಂಟ್ ಎಲ್ಲಿಗೆ ಹಾಕ್ದೆ?”

“ಪ್ರಾಣಕ್ಕೆ,” ಎಂದ ರೋಡೆಲ್, ಕಣ್ಣು ತಪ್ಪಿಸಿ. “ಸುಮ್ನೆ.”

ಸುಮ್ಮನೆಯಂತೆ. ಕಾಯುವವಳು ಹಿಂದೆಯೇ ಇರುವಾಗ ಅಷ್ಟು ಪ್ರಾಣ ಯಾತಕ್ಕೆ? ಕಿಟಕಿ ಪಕ್ಕದಲ್ಲಿ ಕೂರುವ ಕ್ರಿಸ್ಟೆಲ್ ಆಟದಲ್ಲಿ ಬಿಲ್ಲುಗಾರ್ತಿ. ಮುಂದೆ ನಿಂತು ಏಟು ತಿನ್ನುವ ಗಟ್ಟಿಗನೊಬ್ಬ ಅವಳಿಗೆ ಬೇಕಿತ್ತು. ಮೊನ್ನೆಯಿಂದ ಕೂದಲು ಹಿಂದಕ್ಕೆ ಸರಿಸಿಕೊಳ್ಳುತ್ತ “ಡೆಲ್, ಡೆಲ್” ಎಂದು ಕರೆಯುವುದೇನು, ಇವನು ಹಲ್ಲು ಬಿಡುವುದೇನು. ಜೋವೆಲಿನ್‌ಗೆ ಹೊಟ್ಟೆ ಉರಿದುಹೋಯಿತು.

ಅವಳ ಬಳಿ ಈಚೆಗೆ ಸಿಕ್ಕು, ಇನ್ನೂ ಎಲ್ಲಿಗೂ ಹಾಕದೆ ಕೂಡಿಟ್ಟ ಪಾಯಿಂಟುಗಳಿದ್ದವು. ಅಷ್ಟನ್ನೂ ಬೆಂಕಿಯ ಮಂತ್ರಕ್ಕೆ ಹಾಕಿಬಿಟ್ಟಳು. ಒಮ್ಮೆ ಹಾಕಿದ ಮೇಲೆ ವಾಪಸ್ ಪಡೆಯುವಂತಿಲ್ಲ. ಹೋಗಲಿ, ನನ್ನದನ್ನು ನಾನೂ ನೋಡಿಕೊಳ್ಳುತ್ತೇನೆ ಎಂದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

ರೋಡೆಲ್ ಎದ್ದುಹೋಗಿ, ಕಡ್ಡಿಗೆ ಚುಚ್ಚಿದ, ಸಕ್ಕರೆ ಪಾಕ ಅಂಟಿದ ಬಿಸಿ ಬಾಳೆಹಣ್ಣು ತಂದ.

“ತಿನ್ನು.”

“ಕ್ರಿಸ್ಟೆಲ್‌ಗೆ ಕೊಡು.”

“ಅವಳಿಗ್ಯಾಕೆ?”

“ಹಾಗಾದ್ರೆ ನೀನೇ ತಿನ್ನು. ಅವಳ ಮುಂದೆ ನಿಂತು ಒದೆ ತಿನ್ನೋನಿಗೆ ಮೈಯಲ್ಲಿ ಕಸುವು ಬೇಕಲ್ಲ.”

ಗಲ್ಲಾದಲ್ಲಿದ್ದ ಮೆಲ್ಬಾ ಅತ್ತೆ ಬೆರಳಿನ ಬದಲು ತುಟಿ ಚಾಚಿ ಜೋವೆಲಿನ್‌ಳತ್ತ ತೋರಿಸಿ, “ಮೊದಲು ಅವಳನ್ನ ಸಮಾಧಾನ ಮಾಡಪ್ಪ, ಆಮೇಲೆ ಆಡು,” ಎಂದಳು.

ರೋಡೆಲ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಶನಿವಾರ ಏನಂದೆ ನೀನು? ‘ಡ್ರಾಗನ್ ಗುಹೆಗೆ ಎಷ್ಟೋ ಸಲ ಹೋಗಿದೀವಿ, ನಿನ್ನ ಕೆಂಪು ಗೆರೆ ಕಾಯೋದ್ರಲ್ಲಿ ಅದರ ಮುಖ ಹೇಗಿದೆ ಅಂತಾನೂ ನಾ ನೋಡಿಲ್ಲ’ ಅನ್ಲಿಲ್ವಾ?”

ಅಂದಿದ್ದಳು, ನಗುನಗುತ್ತಲೇ. ಅಂದು ಮರೆತೂ ಬಿಟ್ಟಿದ್ದಳು.

“ನೀನು ಒಂದ್ಸಲ ತಲೆ ಎತ್ತಿ ಅದನ್ನ ನೋಡ್ಲಿ ಅಂತ ಪ್ರಾಣಕ್ಕೆ ಹಾಕ್ದೆ,” ಎಂದ ರೋಡೆಲ್. “ನನ್ನ ಬದುಕಿಸೋದೇ ನಿನ್ನ ಕೆಲಸ ಆಗ್ಬಾರ್ದು ಜೋವ್. ಪಕ್ಕದಲ್ಲಿರು, ಸಾಕು. ಬರೀ ಆಟದಲ್ಲಿ ಅಲ್ಲ ನಾ ಹೇಳ್ತಿರೋದು.”

ಅವಳ ಕಿವಿ ಬಿಸಿಯಾಯಿತು. ಸಂತೋಷಕ್ಕೆ ಅಳುವೇ ಬರುವಂತಿತ್ತು, ಜೊತೆಗೆ ನಾಚಿಕೆ ಬೇರೆ.

“ನಾನೂ ಪಾಯಿಂಟ್ ಹಾಕ್ಬಿಟ್ಟೆ.”

“ಎಲ್ಲಿಗೆ?”

“ಬೆಂಕಿಗೆ.”

“ಯಾರನ್ನ ಸುಡೋಕೆ?”

ಅವಳ ಕಣ್ಣು ತಾನಾಗಿಯೇ ಕಿಟಕಿಯತ್ತ ಹೋಗಿ ಬಂತು. ರೋಡೆಲ್ ನಕ್ಕವನು ನಗುತ್ತಲೇ ಉಳಿದ.

ಗುಹೆಗೆ ಹೋದರು. ಜೋವೆಲಿನ್ ಮೊದಲ ಸಲ ತಲೆ ಎತ್ತಿದಳು. ಡ್ರಾಗನ್‌ಗೆ ಆಡಿನಂಥ ಗಡ್ಡ, ಒಂದು ಕೊಂಬು ಮುರಿದಿತ್ತು, ಕಣ್ಣಲ್ಲಿ ಯಾಕೋ ಬೇಸರ. ಅದನ್ನೇ ನೋಡುತ್ತ ಮಂತ್ರ ಹಾಕುವುದನ್ನು ಮರೆತಳು. ರೋಡೆಲ್ ಬಹಳ ಹೊತ್ತು ಏಟು ತಡೆದುಕೊಂಡ. ಕೊನೆಗೆ ಇಬ್ಬರೂ ನೆಲಕ್ಕೆ ಬಿದ್ದರು.

ರೋಡೆಲ್‌ನ ಸ್ಕ್ರೀನಿನಲ್ಲಿ ಕ್ರಿಸ್ಟೆಲ್‌ಳ ಮಾತು ಮೂಡಿತು: “ಡೆಲ್, ಸತ್ತುಹೋದ್ಯಾ? ನಾನು ಬರ್ಲಾ ಜೊತೆಗೆ?”

ಜೋವೆಲಿನ್ ಅವನ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಟೈಪ್ ಮಾಡಿದಳು: “ಬೇಡ. ಸಾಯೋದಾದ್ರೂ ನಾವಿಬ್ಬರೇ ಸಾಯ್ತೀವಿ.”

ಮಾಡಿ, ಕಳಿಸದೆ, ಕೀಬೋರ್ಡನ್ನು ಅವನ ಮುಂದೆ ತಳ್ಳಿದಳು.

ಕಳಿಸಿದವನು ರೋಡೆಲ್.